ಸೊಳ್ಳೆಯ ಹಾಡು, ಚಿಗಟದ ಕುಣಿತ: ಭಾನುಭಕ್ತನ ಊರುಗಳಲ್ಲಿ

ಬುಧವಾರ, ಕಾಠ್ಮಂಡು

ಕಾಠ್ಮಂಡುವಿಗೆ ಬಂದ ಕನ್ನಡಿಗರು ಮೊದಲು ಕಾಲಿಡುವುದು ಪಶುಪತಿನಾಥನ ಅಂಗಳದಲ್ಲಿ. ಗರ್ಭಗುಡಿಯಲ್ಲಿ ಲಿಂಗ ಮುಟ್ಟಿ ಪೂಜೆ ಮಾಡುವ ಭಟ್ಟರು ನಮ್ಮ ಕಡೆಯವರು ಎಂಬ ಹೆಮ್ಮೆ ಬೇರೆ. ನಾವೂ ಆ ಹೆಮ್ಮೆಯನ್ನು ಒಂದು ಗಳಿಗೆ ಅನುಭವಿಸಿ, ಬಾಗಮತಿಯ ಮೆಟ್ಟಿಲ ಮೇಲೆ ಆಷಾಢದ ಮಳೆಗೆ ನೆನೆದು, ಟ್ಯಾಕ್ಸಿ ಹಿಡಿದು ರಾಣಿ ಪೋಖರಿಯ ಕಡೆ ಹೊರಟೆವು. ನೇಪಾಳಿ ಕವಿ ಭಾನುಭಕ್ತನ ಜಾಡು ಹಿಡಿದು ಬಂದವರು ನಾವು, ಮೊದಲ ಕೆಲಸ ಅಲ್ಲಿತ್ತು.

ರಾಣಿ ಪೋಖರಿ ಎಂದರೆ ಪ್ರತಾಪ ಮಲ್ಲ 1670ರಲ್ಲಿ ಕಟ್ಟಿಸಿದ ಕೊಳ. 2015ರ ಭೂಕಂಪದಲ್ಲಿ ನಡುವಿನ ಗುಡಿ ಬಿದ್ದು, ಈಗ ಮತ್ತೆ ಎದ್ದು ನಿಂತಿದೆ. ಅದರ ಪಕ್ಕದಲ್ಲೇ ದರ್ಬಾರ್ ಹೈಸ್ಕೂಲು. ನೇಪಾಳದ ಪ್ರಧಾನಿಯಾಗಿದ್ದ ಜಂಗ್ ಬಹಾದುರ್ ರಾಣಾ ತನ್ನ ಮನೆತನದ ಮಕ್ಕಳಿಗಾಗಿ 1854ರಲ್ಲಿ ಶುರು ಮಾಡಿದ ಶಾಲೆ ಅದು. ಊರಿನ ಬಡ ಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇಂದು ಅದೇ ಶಾಲೆಯ ಹೆಸರು ಭಾನು ಮಾಧ್ಯಮಿಕ ವಿದ್ಯಾಲಯ. ಎದುರಿಗೆ ನಿಂತಿರುವ ಪ್ರತಿಮೆ ಭಾನುಭಕ್ತ ಆಚಾರ್ಯನದು. ರಾಣಾಗಳ ಸೆರೆಯಲ್ಲಿ ಕೊಳೆತವನ ಹೆಸರನ್ನು ರಾಣಾಗಳ ಶಾಲೆಗೇ ಇಟ್ಟವರ ಬಗ್ಗೆ ನನಗೆ ಅಲ್ಲೇ ಗೌರವ ಹುಟ್ಟಿತು.

1814ರಲ್ಲಿ ಹುಟ್ಟಿ 1868ರಲ್ಲಿ ತೀರಿಕೊಂಡ ಭಾನುಭಕ್ತನನ್ನು ನೇಪಾಳಿಗರು ಆದಿಕವಿ ಎನ್ನುತ್ತಾರೆ. ಪಂಪನನ್ನು ಆದಿಕವಿ ಎಂದು ಓದಿ, ಓದಿಸಿ ಬಂದ ನನಗೆ ಹತ್ತೊಂಬತ್ತನೆಯ ಶತಮಾನದ ಆದಿಕವಿ ಎಂದರೆ ಸ್ವಲ್ಪ ಮುಜುಗರವೇ. ಆದರೆ ಪಂಪನಿಗಿಂತ ಮುಂಚೆ ಕವಿಗಳಿದ್ದರೆಂದು ಕವಿರಾಜಮಾರ್ಗವೇ ಹೇಳುವಂತೆ, ಭಾನುಭಕ್ತನಿಗಿಂತ ಮುಂಚೆ ನೇಪಾಳಿಯಲ್ಲಿ ಬರೆದವರೂ ಇದ್ದರು. ಸುವಾನಂದ ದಾಸ, ಉದಯಾನಂದ ಅರ್ಯಾಲ್, ಇಂದಿರಸ ಮುಂತಾದವರು. ಸುಂದರಕಾಂಡವೊಂದನ್ನು ರಘುನಾಥ ಎಂಬ ಕವಿ ಆಗಲೇ ನೇಪಾಳಿಗೆ ತಂದಿದ್ದ. ಹಾಗಿದ್ದರೂ ಪಟ್ಟ ಭಾನುಭಕ್ತನಿಗೇ ಸಿಕ್ಕಿತು. ಅದನ್ನು ಕಟ್ಟಿದವನು ಮೋತಿರಾಮ ಭಟ್ಟ ಎಂಬ ಯುವಕ.

ಮೋತಿರಾಮ ಹುಟ್ಟಿದ್ದು 1866ರಲ್ಲಿ. ಅಂದರೆ ಕವಿ ಸತ್ತಾಗ ಇವನಿಗೆ ಎರಡು ವರ್ಷ. ಆಗ ಭಾನುಭಕ್ತನ ಪದ್ಯಗಳು ಜನರ ಬಾಯಲ್ಲೂ ಹಸ್ತಪ್ರತಿಗಳಲ್ಲೂ ಅಲೆದಾಡುತ್ತಿದ್ದವು, ಅಚ್ಚಾಗಿರಲಿಲ್ಲ. ಬನಾರಸಿನಲ್ಲಿ ಓದು ಕಲಿತ ಮೋತಿರಾಮ 1884ರಲ್ಲಿ ಬಾಲಕಾಂಡವನ್ನೂ 1887ರಲ್ಲಿ ಇಡೀ ರಾಮಾಯಣವನ್ನೂ ಆ ಊರಿನಲ್ಲೇ ಅಚ್ಚು ಹಾಕಿಸಿದ. 1891ರಲ್ಲಿ ಕವಿಯ ಜೀವನಚರಿತ್ರೆ ಬರೆದ. ಐದು ವರ್ಷಕ್ಕೆ ತಾನೂ ಹೋಗಿಬಿಟ್ಟ, ಮೂವತ್ತರ ಹರೆಯದಲ್ಲಿ. ಭಾನುಭಕ್ತನ ಬಗ್ಗೆ ನಾವು ಕೇಳುವ ಕಥೆಗಳಲ್ಲಿ ಮುಕ್ಕಾಲು ಪಾಲು ಮೋತಿರಾಮನ ಪುಸ್ತಕದಿಂದ ಬಂದವು. ಆದ್ದರಿಂದ ಯಾವುದನ್ನು ನಂಬಬೇಕು, ಯಾವುದಕ್ಕೆ ತಲೆದೂಗಿ ಸುಮ್ಮನಾಗಬೇಕು ಎಂಬ ಎಚ್ಚರ ಓದುವವನಿಗೆ ಬೇಕು.

ಸಂಜೆ ಭೋಟಾಹಿಟಿಯ ಪುಸ್ತಕದಂಗಡಿಯಲ್ಲಿ ರಾಮಾಯಣದ ಒಂದು ಪ್ರತಿ ಕೊಂಡೆ. ಲಿಪಿ ದೇವನಾಗರಿಯಾದ್ದರಿಂದ ಓದಲು ತೊಡಕಿಲ್ಲ. ಅರ್ಧ ಪದಗಳು ಸಂಸ್ಕೃತದವಾದ್ದರಿಂದ ತೇಲಿಕೊಂಡು ಸಾಗಬಹುದು. ಹಿಂಬದಿಯಲ್ಲಿ ಬಿಡಿ ಪದ್ಯಗಳೂ ಇದ್ದವು. ಒಂದರಲ್ಲಿ ಕವಿ ಕಾಠ್ಮಂಡುವನ್ನು ಅಮರಾವತಿ ಎಂದು ಹೊಗಳುತ್ತ, ಇದು ಲಂಡನ್ನಿನಂತೆ, ಚೀನದಂತೆ, ದಿಲ್ಲಿಯಂತೆ, ಲಖನೌ ಪಟ್ನಾ ಮದರಾಸಿನಂತೆ ಎಂದು ಪಟ್ಟಿ ಹಾಕುತ್ತಾನೆ. ನಾನು ಓದಿ ಹೇಳಿದಾಗ ನನ್ನ ಹೆಂಡತಿ, “ಮದರಾಸಿನವರೆಗೆ ಬಂದವನು ಬೆಂಗಳೂರಿಗೆ ಬರಲಿಲ್ಲವಲ್ಲ ರೀ” ಎಂದಳು.

ಗುರುವಾರ, ಪೃಥ್ವಿ ಹೆದ್ದಾರಿ

ಪೊಖರಾಕ್ಕೆ ಹೋಗುವ ಹೆದ್ದಾರಿ ಥಾನಕೋಟ್ ದಾಟಿದ ಮೇಲೆ ಸುತ್ತಿ ಸುತ್ತಿ ಇಳಿದು, ತ್ರಿಶೂಲಿ ನದಿಯ ಪಕ್ಕಕ್ಕೆ ಬಂದು ಸೇರುತ್ತದೆ. ಮಳೆಗಾಲದಲ್ಲಿ ಈ ನದಿ ಕೆಸರಿನ ಬಣ್ಣಕ್ಕೆ ತಿರುಗಿ ಅಬ್ಬರಿಸುತ್ತದೆ. 2024ರ ಜುಲೈನಲ್ಲಿ ಸಿಮಲ್‌ತಾಲ್ ಬಳಿ ಗುಡ್ಡ ಜರಿದು ಎರಡು ಬಸ್ಸುಗಳು ಪ್ರಯಾಣಿಕರ ಸಮೇತ ಇದೇ ನೀರಿಗೆ ಬಿದ್ದವು. ಆ ಜಾಗ ನಮ್ಮ ದಾರಿಯಲ್ಲಿ ಬರುವುದಿಲ್ಲ, ಮುಗ್ಲಿಂಗ್‌ನಿಂದ ನಾರಾಯಣಗಢದ ಕಡೆ ತಿರುಗಬೇಕು. ಆದರೂ ಕಿಟಕಿಯಿಂದ ನೀರು ನೋಡಿದಾಗಲೆಲ್ಲ ಅದೇ ನೆನಪಾಗುತ್ತಿತ್ತು.

ನಮ್ಮ ಜೀಪಿನ ಚಾಲಕ ಬೆಂಗಳೂರಿನ ದರ್ಶಿನಿಯೊಂದರಲ್ಲಿ ವರ್ಷಗಟ್ಟಲೆ ದೋಸೆ ಹುಯ್ದವನು. “ಸಾರ್, ಎರಡು ಖಾಲಿ, ಒಂದು ಮಸಾಲೆ, ಇಷ್ಟು ಕನ್ನಡ ಮೊದಲ ವಾರದಲ್ಲೇ ಬಂತು. ಮಿಕ್ಕಿದ್ದು ಬೈಸಿಕೊಂಡು ಕಲಿತೆ” ಎಂದ. ಭಾನುಭಕ್ತನ ಹೆಸರು ಎತ್ತಿದ್ದೇ ತಡ, ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತ ರಾಮಾಯಣದ ಮೊದಲ ಸಾಲನ್ನು ರಾಗವಾಗಿ ಎಳೆದ:

“ಏಕ್ ದಿನ್ ನಾರದ ಸತ್ಯ ಲೋಕ್ ಪುಗಿ ಗಯಾ ಲೋಕ್‌ಕೋ ಗರೂಂ ಹಿತ್ ಭನೀ.”

ಒಂದು ದಿನ ನಾರದ ಲೋಕಕ್ಕೆ ಹಿತ ಮಾಡೋಣವೆಂದು ಸತ್ಯಲೋಕಕ್ಕೆ ಹೋದ, ಅಷ್ಟೇ ವಿಷಯ. ಆದರೆ ಕಿವಿಗೆ ಏನೋ ಪರಿಚಯದ ನಡೆ ಬಿತ್ತು. ಬೆರಳು ಮಡಚಿ ಗಣ ಹಾಕಿದೆ: ಮಸಜಸತತ, ಕೊನೆಗೊಂದು ಗುರು. ಶಾರ್ದೂಲವಿಕ್ರೀಡಿತ! ನಮ್ಮ ಖ್ಯಾತ ಕರ್ನಾಟಕಗಳಲ್ಲಿ ಒಂದು. ಹತ್ತನೆಯ ತರಗತಿಯ ಮಕ್ಕಳ ತಲೆಗೆ ಅದನ್ನು ತುಂಬಲು ನಾನು ಪಟ್ಟ ಪಾಡು ನನಗೇ ಗೊತ್ತು. ಇಲ್ಲಿ ಜೀಪ್ ಓಡಿಸುವವನು ಅದರ ಹೆಸರು ಕೇಳದೆಯೇ ಹಾಡುತ್ತಿದ್ದಾನೆ. ಸಂಸ್ಕೃತದ ಬಿಗಿ ವೃತ್ತದೊಳಗೆ “ಏಕ್ ದಿನ್”, “ಹಿತ್ ಭನೀ” ಎಂಬ ಮನೆಮಾತನ್ನು ಕೂರಿಸಿದ್ದಾನಲ್ಲ, ಭಾನುಭಕ್ತನ ಕಸುಬುಗಾರಿಕೆ ಅಲ್ಲಿದೆ. ಮೂಲವಾಗಿ ಅವನು ಹಿಡಿದದ್ದು ವಾಲ್ಮೀಕಿಯನ್ನಲ್ಲ, ಶಿವ ಪಾರ್ವತಿಗೆ ಹೇಳುವ ಅಧ್ಯಾತ್ಮ ರಾಮಾಯಣವನ್ನು. ತತ್ತ್ವದ ಭಾರವನ್ನು ಅಲ್ಲಲ್ಲಿ ಇಳಿಸಿ, ಕಥೆ ಓಡುವಂತೆ ಮಾಡಿದ. ನಮ್ಮಲ್ಲಿ ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದನಂತೆ. ನೇಪಾಳಿಯಲ್ಲಿ ಆ ಭಾರವನ್ನೆಲ್ಲ ಒಬ್ಬನೇ ಹೊತ್ತು, ಮನೆಮನೆಯ ಜಗಲಿಗೆ ತಲುಪಿಸಿದ.

ಮಲೇಖುವಿನಲ್ಲಿ ಹುರಿದ ಮೀನಿನ ಅಂಗಡಿಗಳ ಸಾಲು. ನಾವು ಅನ್ನ, ಬೇಳೆ, ಗುಂಡ್ರುಕ್ ಪಲ್ಯಕ್ಕೆ ತೃಪ್ತರಾದೆವು. ಅಲ್ಲಿಂದ ಮುಂದೆ ರಸ್ತೆ ಅಗಲ ಮಾಡುವ ಕೆಲಸ, ಜತೆಗೆ ಜರಿದ ಮಣ್ಣು. ವಾಹನಗಳು ಸಾಲಾಗಿ ನಿಂತವು. ಪೊಲೀಸಿನವನನ್ನು ಕೇಳಿದರೆ “ಇನ್ನೇನು ಬಿಡುತ್ತಾರೆ”. ಒಂದು ಗಂಟೆಯ ನಂತರ ಕೇಳಿದರೂ ಅದೇ. ಆಗ ಪುಸ್ತಕ ತೆರೆದು ಹೆಂಡತಿಗೆ ಇನ್ನೊಂದು ಪದ್ಯ ಓದಿದೆ. ನ್ಯಾಯದ ಕಚೇರಿಯಲ್ಲಿ ಅಲೆದು ಸುಸ್ತಾದ ಭಾನುಭಕ್ತ ಬರೆದ ಅಹವಾಲು ಅದು. ಡಿಟ್ಠಾ, ಬಿಚಾರಿ ಎಂಬ ಅಧಿಕಾರಿಗಳಿಗೆ ಎಷ್ಟೆಂದು ಬೇಡಿಕೊಳ್ಳಲಿ, ಬಾಯಿಯೇ ಬಿಡುವುದಿಲ್ಲ. ಬಿಟ್ಟರೂ ತಮಾಷೆ ಮಾಡುವವರಂತೆ ದಿನವೂ ನಾಳೆ ನಾಳೆ ಎನ್ನುತ್ತಾರೆ. ಆಗುವುದಿಲ್ಲ ಎಂದಾದರೂ ಹೇಳಲಿ, ಇಲ್ಲವೇ ತೀರ್ಮಾನ ಮಾಡಿಕೊಡಲಿ ಎಂದು ಸಾಗಿ, ಕೊನೆಯ ಸಾಲು ಹೀಗೆ:

“ಭೋಲಿ ಭೋಲಿ ಹುಂದೈಮಾ ಸಬ ಘರ್ ಬಿತಿಗೋ, ಬಕ್ಸಿಯೋಸ್ ಆಜ ಝೋಲಿ.”

ನಾಳೆ ನಾಳೆ ಎನ್ನುವುದರಲ್ಲೇ ಮನೆಯೆಲ್ಲ ಹಾಳಾಯಿತು, ಇವತ್ತು ಒಂದು ಭಿಕ್ಷೆಯ ಜೋಳಿಗೆಯನ್ನಾದರೂ ದಯಪಾಲಿಸಿ. ದೆವ್ವ ಬಾರದಿರಲೆಂದು ನಮ್ಮ ಹಳ್ಳಿಗಳಲ್ಲಿ ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆಯುತ್ತಿದ್ದರಲ್ಲ, ಆ ಕಚೇರಿಯವರು ಕವಿಯನ್ನು ಹಾಗೆ ನಿಭಾಯಿಸಿದ್ದರು.

ನನ್ನ ಹೆಂಡತಿ ತಾಲ್ಲೂಕು ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ನಗುತ್ತಾಳೆ ಎಂದುಕೊಂಡಿದ್ದೆ. “ಪದ್ಯ ಚೆನ್ನಾಗಿದೆ. ಆದರೆ ಕಡತ ಯಾರ ಮೇಜಿನ ಮೇಲೆ ನಿಂತಿತ್ತು ಎಂದು ಅವನಿಗೇನು ಗೊತ್ತು? ಮೇಲಿನವರು ಸಹಿ ಹಾಕದಿದ್ದರೆ ಕೆಳಗಿನವರು ನಾಳೆ ಎನ್ನದೆ ಇನ್ನೇನು ಹೇಳುತ್ತಾರೆ?” ಎಂದಳು. ಮೇಷ್ಟ್ರಾಗಿದ್ದ ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಮುಂದಿನ ಲಾರಿ ಅಲುಗಿತು.

ದಮೌಲಿ ತಲುಪಿದಾಗ ಕತ್ತಲು. ಇದು ತನಹೂಂ ಜಿಲ್ಲೆಯ ಕೇಂದ್ರ. ಮಾದಿ ಮತ್ತು ಸೇತಿ ನದಿಗಳು ಇಲ್ಲಿ ಕೂಡುತ್ತವೆ. ವ್ಯಾಸರು ಹುಟ್ಟಿದ್ದು ಇಲ್ಲೇ ಎಂದು ನಂಬಿ, ಸಂಗಮದ ಬಳಿಯ ಗುಹೆಗೆ ಜನ ನಡೆದುಕೊಳ್ಳುತ್ತಾರೆ. ಕಾಠ್ಮಂಡುವಿನ ತಂಪು ಇಲ್ಲಿಲ್ಲ. ಸೆಕೆ, ಮೇಲೆ ಸೊಳ್ಳೆ. ವಸತಿಗೃಹದ ಪರದೆಯಲ್ಲಿ ತೂತು. ಆ ರಾತ್ರಿ ಭಾನುಭಕ್ತನ ಇನ್ನೊಂದು ಪದ್ಯಕ್ಕೆ ಅದಕ್ಕಿಂತ ಒಳ್ಳೆಯ ಹಿನ್ನೆಲೆ ಸಿಗುತ್ತಿರಲಿಲ್ಲ.

ತಂದೆ ಧನಂಜಯ ಆಚಾರ್ಯ ಸರ್ಕಾರಿ ನೌಕರ. ಸರ್ಕಾರದ ಲೆಕ್ಕಪತ್ರದ ತಕರಾರಿನಲ್ಲಿ ಭಾನುಭಕ್ತ ಸಿಲುಕಿಕೊಂಡ. 1852ರಲ್ಲಿ ಕುಮಾರಿಚೋಕ್ ಎಂಬ ಲೆಕ್ಕತನಿಖೆಯ ಕಚೇರಿಯವರು ಅವನನ್ನು ತಿಂಗಳುಗಟ್ಟಲೆ ಬಂಧನದಲ್ಲಿಟ್ಟರು. ಹತ್ತು ವರ್ಷ ಹಿಂದೆ ಬಾಲಕಾಂಡ ಮುಗಿಸಿ ಅಲ್ಲಿಗೇ ಬಿಟ್ಟಿದ್ದವನು, ಸೆರೆಯಲ್ಲಿ ಕುಳಿತು ಅಯೋಧ್ಯೆ, ಅರಣ್ಯ, ಕಿಷ್ಕಿಂಧೆ, ಸುಂದರ ಈ ನಾಲ್ಕು ಕಾಂಡಗಳನ್ನು ಬರೆದು ಮುಗಿಸಿದ. ಮರುವರ್ಷ ಯುದ್ಧ ಮತ್ತು ಉತ್ತರ ಕಾಂಡಗಳು ಬಂದವು. ಬಿಡುಗಡೆ ಕೋರಿ ಜಂಗ್ ಬಹಾದುರನ ತಮ್ಮ ಕೃಷ್ಣ ಬಹಾದುರನಿಗೆ ಒಂದು ಪದ್ಯ ಬರೆದು ಕಳಿಸಿದ. ಪ್ರಭುವಿನ ಪಾದದರ್ಶನ ದಿನವೂ ಆಗುತ್ತಿದೆ, ಮನಸ್ಸಿಗೆ ಯಾವ ತಾಪವೂ ಇಲ್ಲ. ರಾತ್ರಿಯಿಡೀ ಖರ್ಚಿಲ್ಲದೆ ನಾಚ್ ನೋಡುತ್ತ ದೊಡ್ಡ ಸುಖದಲ್ಲಿದ್ದೇನೆ. ಸೊಳ್ಳೆ, ಚಿಗಟ, ತಿಗಣೆ ನನ್ನ ಸಂಗಡಿಗರು. ಸೊಳ್ಳೆಗಳು ಹಾಡುತ್ತವೆ, ಚಿಗಟಗಳು ಕುಣಿಯುತ್ತವೆ, ನಾನು ಕುಳಿತು ನೋಡುತ್ತೇನೆ.

ಅರ್ಜಿ ಎಂದರೆ ಇದು. ಬೇಡುವವನು ಬೇಡುತ್ತಲೇ ಇದ್ದಾನೆ, ಆದರೆ ಕಿವಿ ಹಿಂಡುವ ಕೆಲಸವನ್ನೂ ಮಾಡಿಬಿಟ್ಟಿದ್ದಾನೆ. ರಾಮಾಯಣಕ್ಕಾಗಿ ಅವನನ್ನು ಪೂಜಿಸುವವರು ಪೂಜಿಸಲಿ. ನನ್ನ ಪಾಲಿನ ಭಾನುಭಕ್ತ ಈ ಅರ್ಜಿಗಳಲ್ಲಿದ್ದಾನೆ.

ಶುಕ್ರವಾರ, ಚುಂದಿ ರಮ್‌ಘಾ

ಬೆಳಿಗ್ಗೆ ಆರಕ್ಕೇ ಹೊರಟೆವು. ಹೆದ್ದಾರಿ ಬಿಟ್ಟ ಮೇಲೆ ಗುಡ್ಡದ ರಸ್ತೆ, ಕೆಂಪು ಕೆಸರು, ಎರಡೂ ಕಡೆ ಮೆಟ್ಟಿಲು ಗದ್ದೆಗಳು. ಆಸಾರ್ ತಿಂಗಳು ಇವರಿಗೆ ನಾಟಿಯ ತಿಂಗಳು. ಮೊಣಕಾಲವರೆಗೆ ಕೆಸರಾಗಿ ಸಾಲುಗಟ್ಟಿ ಬಗ್ಗಿದ ಹೆಂಗಸರು, ಗದ್ದೆಯ ಬದುವಿನಲ್ಲಿ ಪ್ಲಾಸ್ಟಿಕ್ ಹೊದ್ದ ಮುದುಕರು. ಹಿಮದ ಬೆಟ್ಟಗಳು ಉತ್ತರಕ್ಕಿವೆ ಎಂದು ಚಾಲಕ ಕೈ ತೋರಿಸಿದ ಕಡೆ ಬರೀ ಮೋಡ.

ಈ ಪ್ರದೇಶದ ನಗರಪಾಲಿಕೆಗೇ ಭಾನು ಎಂದು ಹೆಸರಿಟ್ಟಿದ್ದಾರೆ. ಕವಿ ಹುಟ್ಟಿದ ಚುಂದಿ ರಮ್‌ಘಾದಲ್ಲಿ ಪ್ರತಿಮೆ, ಸ್ಮಾರಕ ಎಲ್ಲ ಇವೆ. ಜಯಂತಿ ಹತ್ತಿರ ಬಂದಿದ್ದರಿಂದ ಸುಣ್ಣ ಬಳಿಯುತ್ತಿದ್ದರು, ಶಾಮಿಯಾನದ ಬೊಂಬು ನೆಡುತ್ತಿದ್ದರು. ಬೊಂಬಿನ ಪಕ್ಕದಲ್ಲಿ ಒಬ್ಬ ಅಜ್ಜ ನಮ್ಮನ್ನು ನೋಡಿ, ಇಷ್ಟು ದೂರದಿಂದ ಬಂದವರಿಗೆ ಸಮಾರಂಭದವರೆಗೆ ಕಾಯಲು ಏನು ತೊಂದರೆ ಎಂದು ಚಾಲಕನನ್ನು ತರಾಟೆಗೆ ತೆಗೆದುಕೊಂಡರು. ಡಾರ್ಜಿಲಿಂಗಿಗೆ ಹೋಗುತ್ತಿದ್ದಾರೆ ಎಂದು ಅವನು ಹೇಳಿದ ಮೇಲೆ, “ಹಾಗಾದರೆ ಸರಿ, ಅಲ್ಲಿಯವರು ನಮಗಿಂತ ಜೋರಾಗಿ ಮಾಡುತ್ತಾರೆ” ಎಂದು ನಕ್ಕರಂತೆ.

ಭಾನುಭಕ್ತನದು ಶ್ರೀಮಂತ ಬ್ರಾಹ್ಮಣರ ಮನೆ. ಅವನ ಅಜ್ಜ ಶ್ರೀಕೃಷ್ಣ ಆಚಾರ್ಯ ದೊಡ್ಡ ಪಂಡಿತ, ಮೊಮ್ಮಗನಿಗೆ ಓದು ಕಲಿಸಿದವರು ಅವರೇ, ಮನೆಯಲ್ಲೂ ಆಮೇಲೆ ಬನಾರಸಿನಲ್ಲೂ. ಇಂಥವನು ಜನರ ಮಾತಿನಲ್ಲಿ ಬರೆಯಲು ಏಕೆ ಹೊರಟ? ಮೋತಿರಾಮ ಹೇಳುವ ಕಥೆ ಎಲ್ಲರಿಗೂ ಬಾಯಿಪಾಠ. ಹುಲ್ಲು ಕೊಯ್ಯುವ ಒಬ್ಬ ಘಾಂಸಿ ತನ್ನ ಪುಡಿಗಾಸು ಕೂಡಿಟ್ಟು ಬಾವಿ ತೋಡಿಸುತ್ತಿದ್ದಾನೆ. ಸತ್ತ ಮೇಲೂ ಹೆಸರು ಉಳಿಯಲಿ ಎಂಬ ಆಸೆ. ಅದನ್ನು ಕೇಳಿ ಯುವಕ ಭಾನುಭಕ್ತನಿಗೆ ನಾಚಿಕೆಯಾಗುತ್ತದೆ. ನಮ್ಮ ಚಾಲಕ ಅರಳಿಯ ಚೌತಾರಿಯ, ಅಂದರೆ ಕಟ್ಟೆಯ, ಮೇಲೆ ಕುಳಿತು ಆ ಪದ್ಯವನ್ನೂ ಹೇಳಿದ: ಬಡ ಮನೆಯ ಘಾಂಸಿಯ ಬುದ್ಧಿ ಎಂಥದು, ಹಣವಂತನಾಗಿಯೂ ಭಾನುಭಕ್ತನಾದ ನಾನು ಇಂದು ಹೀಗಿದ್ದೇನೆ.

ಕಥೆ ನಡೆದದ್ದೋ ಮೋತಿರಾಮ ಹೆಣೆದದ್ದೋ ಎಂದು ಪಂಡಿತರು ಜಗಳವಾಡುತ್ತಾರೆ. ನನ್ನ ಅನುಮಾನ ಹೆಣೆದದ್ದರ ಕಡೆಗೇ. ಮೂವತ್ತಕ್ಕೇ ಹೋದ ಆ ಹುಡುಗನಿಗೆ ಹೆಸರು ಉಳಿಯುವ ಚಿಂತೆ ಕವಿಗಿಂತ ಹೆಚ್ಚಾಗಿ ಕಾಡಿರಬೇಕು. ನಾವು ಹಾಗೆ ಮಾತಾಡುತ್ತ ಕುಳಿತಿದ್ದಾಗಲೇ ಹುಲ್ಲು ತುಂಬಿದ ಡೋಕೋ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು, ಹಣೆಯಿಂದ ನಾಮ್ಲೋ ಪಟ್ಟಿ ಸರಿಸಿ, ಬುಟ್ಟಿಯನ್ನು ಚೌತಾರಿಯ ಕಲ್ಲಿಗೆ ಆನಿಸಿದಳು. ಹಣೆಯ ಮೇಲೆ ಪಟ್ಟಿ ಒತ್ತಿದ ಗೆರೆ ಕೆಂಪಗಿತ್ತು. ಗಂಡ ಕತಾರಿನಲ್ಲಿ, ಮಗ ಮಲೇಷ್ಯಾದಲ್ಲಂತೆ. ಹುಲ್ಲು ಕೊಯ್ಯುವವರೆಲ್ಲ ಈಗ ಹೆಂಗಸರೇ ಎಂದ ಚಾಲಕ. ಭಾನುಭಕ್ತನ ಪದ್ಯ ಬರುತ್ತದೆಯೇ ಎಂದು ಕೇಳಿಸಿದೆ. ಶಾಲೆಯಲ್ಲಿ ಕಲಿತದ್ದು, ಬರುತ್ತದೆ, ಈಗ ಪುರುಸೊತ್ತಿಲ್ಲ ಎಂದು ನಕ್ಕು ಬುಟ್ಟಿ ಎತ್ತಿಕೊಂಡಳು.

ಇಳಿಯುವಾಗ ನನ್ನ ಹೆಂಡತಿ ವಧೂಶಿಕ್ಷೆಯ ಸುದ್ದಿ ಎತ್ತಿದಳು. 1862ರಲ್ಲಿ ಕವಿ ಗೆಳೆಯ ತಾರಾಪತಿಯ ಮನೆಯಲ್ಲಿ ರಾತ್ರಿ ಉಳಿದಾಗ, ಒಳಗೆ ಅತ್ತೆ ಸೊಸೆಯರ ಜಗಳ ಬೆಳಗಾಗುವವರೆಗೂ ನಡೆಯಿತಂತೆ. ನಿದ್ದೆಗೆಟ್ಟ ಕವಿ, ಸೊಸೆಯಾದವಳು ಹೇಗೆ ನಡೆಯಬೇಕು ಎಂದು ಒಂದು ಕೃತಿಯನ್ನೇ ಬರೆದ. “ಜಗಳ ಮಾಡಿದವರು ಇಬ್ಬರು, ಬುದ್ಧಿವಾದ ಮಾತ್ರ ಒಬ್ಬಳಿಗೆ. ಅತ್ತೆಗೂ ನಾಲ್ಕು ಪದ್ಯ ಬರೆಯಬಾರದಿತ್ತೇ?” ಎಂಬುದು ಅವಳ ತಕರಾರು. ನ್ಯಾಯವಾದದ್ದೇ. ನಮ್ಮ ಸಂಚಿ ಹೊನ್ನಮ್ಮನೂ ಸತಿಯ ಧರ್ಮವನ್ನೇ ಹಾಡಿದಳು, ಆದರೆ ಪೆಣ್ಣು ಪೆಣ್ಣೆಂದು ಬೀಳುಗಳೆಯುವವರನ್ನು ನಿಲ್ಲಿಸಿ ಕೇಳುವ ಎದೆಗಾರಿಕೆ ಅವಳಿಗಿತ್ತು. ಕಚೇರಿಯ ಅನ್ಯಾಯಕ್ಕೆ ಅಷ್ಟು ಚುರುಕಾಗಿದ್ದ ಭಾನುಭಕ್ತನ ಕಣ್ಣು ಅಡುಗೆಮನೆಯ ಬಾಗಿಲಲ್ಲಿ ಮಂಕಾಗಿಬಿಟ್ಟಿತು.

ಕವಿಯ ಕೊನೆಯ ದಿನಗಳು ಕಳೆದದ್ದು ಇದೇ ಜಿಲ್ಲೆಯ ಸೇತಿಘಾಟದಲ್ಲಿ. ಕಾಯಿಲೆ ಬಿದ್ದವನು ರಾಮಗೀತೆಯನ್ನು ಹೇಳುತ್ತ ಹೋದ, ಮಗ ರಮಾನಾಥ ಬರೆದುಕೊಂಡ. ಅಲ್ಲಿಗೂ ಹೋಗುವ ಮನಸ್ಸಿತ್ತು. ಮಳೆ ಬಿಡಲಿಲ್ಲ.

ಶನಿವಾರ, ಮೇಚಿ ದಾಟಿ

ರಾತ್ರಿ ಕಾಠ್ಮಂಡುವಿಗೆ ಮರಳಿ, ಬೆಳಿಗ್ಗೆ ಭದ್ರಪುರಕ್ಕೆ ವಿಮಾನ ಹಿಡಿದೆವು. ಅಲ್ಲಿಂದ ಕಾಕರಭಿಟ್ಟಾ, ಮೇಚಿ ನದಿಯ ಸೇತುವೆ, ಆಚೆ ಭಾರತ. 1816ರ ಸುಗೌಲಿ ಒಪ್ಪಂದದಲ್ಲಿ ಈ ನದಿ ಗಡಿಯಾದಾಗ ಭಾನುಭಕ್ತ ಇನ್ನೂ ತೊದಲುತ್ತಿದ್ದ ಮಗು. ಸಿಲಿಗುರಿಯ ಧೂಳು, ಕರ್ಸಿಯಾಂಗಿನ ಮಂಜು, ಹಂಚಿಕೊಂಡ ಜೀಪಿನಲ್ಲಿ ಮಡಚಿಟ್ಟ ಕಾಲು. ಇದಕ್ಕಿಂತ ಹೆಚ್ಚು ಹೇಳುವುದಕ್ಕೆ ಈ ದಿನದಲ್ಲಿ ಏನೂ ಇಲ್ಲ.

ಭಾನುವಾರ, ಡಾರ್ಜಿಲಿಂಗ್

ಜುಲೈ 13, ಭಾನು ಜಯಂತಿ. ಒಂಬತ್ತು ಗಂಟೆಗೇ ಚೌರಸ್ತಾದಲ್ಲಿ ಕಾಲಿಡಲು ಜಾಗವಿಲ್ಲ. ಚಿನ್ನದ ಬಣ್ಣದ ಪ್ರತಿಮೆ ಹಾರಗಳ ಕೆಳಗೆ ಮುಚ್ಚಿಹೋಗಿದೆ. ಢಾಕಾ ಟೋಪಿಯ ಗಂಡಸರು, ಗುನ್ಯೂ ಚೋಲೋ ಉಟ್ಟ ಹುಡುಗಿಯರು, ಕುತ್ತಿಗೆಗೆ ಮಾದಲ್ ಡೋಲು ನೇತುಹಾಕಿಕೊಂಡ ಹುಡುಗರು, ಶಾಲೆಯ ಬ್ಯಾನರು ಹಿಡಿದ ಮೇಷ್ಟ್ರುಗಳು. ಕವಿಯ ಕಾಲಕ್ಕೆ ಇಲ್ಲಿ ಇನ್ನೂ ಚಹಾ ತೋಟಗಳು ಏಳುತ್ತಿದ್ದವು. 1835ರಲ್ಲಿ ಈ ಬೆಟ್ಟ ಸಿಕ್ಕಿಮ್ ರಾಜನಿಂದ ಕಂಪನಿಯ ಕೈಗೆ ಬಂತು. ತೋಟದ ಕೆಲಸಕ್ಕೆ ಪೂರ್ವ ನೇಪಾಳದಿಂದ ರಾಯಿ, ಲಿಂಬು, ತಾಮಾಂಗ್ ಮುಂತಾದ ಜನ ಬಂದರು. ಅವರವರ ಮನೆಯಲ್ಲಿ ಬೇರೆ ಬೇರೆ ನುಡಿ. ತೋಟದಲ್ಲಿ, ಸಂತೆಯಲ್ಲಿ ಎಲ್ಲರಿಗೂ ನೇಪಾಳಿ.

ಕಲ್ಲು ಬೆಂಚಿನ ಮೇಲೆ ನಮ್ಮ ಪಕ್ಕ ಕುಳಿತವರು ರಾಯಿ ಸಮುದಾಯದ ನಿವೃತ್ತ ಅಧ್ಯಾಪಕರು. ನಾನೂ ಮೇಷ್ಟ್ರು ಎಂದು ತಿಳಿದ ಮೇಲೆ ಹಿಂದಿಯಲ್ಲಿ ಮಾತು ಸಲೀಸಾಯಿತು. ಬ್ರಾಹ್ಮಣ ಕವಿಯ ರಾಮಾಯಣಕ್ಕೂ ನಿಮಗೂ ಏನು ನಂಟು ಎಂದು ನೇರವಾಗಿಯೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅವರ ಅಜ್ಜಿಗೆ ನೇಪಾಳಿ ಸರಿಯಾಗಿ ಬರುತ್ತಿರಲಿಲ್ಲವಂತೆ. ಅಪ್ಪ ತೋಟದಲ್ಲಿ ಕಲಿತರು. ಓದಲು ಬಂದ ಮೇಲೆ ಅಪ್ಪನ ಕೈಗೆ ಸಿಕ್ಕ ಮೊದಲ ಪುಸ್ತಕ ಇದೇ ರಾಮಾಯಣ. ಸಂಜೆ ತೋಟದ ಲೈನ್‌ಮನೆಗಳವರೆಲ್ಲ ಕೂಡಿ ಓದಿಸಿ ಕೇಳುತ್ತಿದ್ದರು. “ರಾಮನಿಗಾಗಿ ಕೇಳಿದರೋ, ಓದುವುದನ್ನು ಕೇಳುವ ಖುಷಿಗೆ ಕೇಳಿದರೋ ನಾನು ಹೇಳಲಾರೆ” ಎಂದರು. ಈ ಊರಿನಲ್ಲಿ ನೇಪಾಳಿ ಸಾಹಿತ್ಯ ಸಮ್ಮೇಳನ ಎಂಬ ಸಂಸ್ಥೆ ಹುಟ್ಟಿದ್ದು 1924ರಲ್ಲಿ. ಸೂರ್ಯವಿಕ್ರಮ ಜ್ಞವಾಲಿ, ಧರಣೀಧರ ಕೊಯಿರಾಲ, ಪಾರಸಮಣಿ ಪ್ರಧಾನ್ ಈ ಮೂವರ ಹೆಸರಿನ ಮೊದಲಕ್ಷರ ಕೂಡಿಸಿ ಸುಧಪಾ ಎನ್ನುವುದು ಇಲ್ಲಿಯ ವಾಡಿಕೆ. ಭಾನುಭಕ್ತನನ್ನು ಮನೆಯ ಜಗಲಿಯಿಂದ ಚೌರಸ್ತಾಕ್ಕೆ ತಂದದ್ದು ಆ ಪೀಳಿಗೆಯ ದುಡಿಮೆ.

ನೇಪಾಳಿ ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದ್ದು 1992ರಲ್ಲಿ. 1950ರಿಂದಲೂ ಪಟ್ಟಿಯಲ್ಲಿ ಆರಾಮಾಗಿ ಕುಳಿತ ಕನ್ನಡದವನಿಗೆ ಆ ಕಾಯುವಿಕೆಯ ಬಿಸಿ ತಿಳಿಯುವುದು ಕಷ್ಟ. ಅಧ್ಯಾಪಕರು ಆ ವರ್ಷದ ಮಾತು ಬಂದಾಗ ಮಾತ್ರ ಸ್ವಲ್ಪ ಬಿರುಸಾದರು. “ನಾವು ಹೊರಗಿನವರು ಎನ್ನುವವರಿಗೆ ಏನನ್ನು ತೋರಿಸಬೇಕಿತ್ತು? ನಮ್ಮ ಹತ್ತಿರ ಹಳೆಯ ಕೋಟೆ ಇರಲಿಲ್ಲ, ರಾಜ ಇರಲಿಲ್ಲ. ಒಬ್ಬ ಕವಿ ಇದ್ದ, ಅವನನ್ನು ಮುಂದೆ ಬಿಟ್ಟೆವು” ಎಂದರು.

ನನ್ನ ಹೆಂಡತಿ ಸುಮ್ಮನಿರಲಿಲ್ಲ, ವಧೂಶಿಕ್ಷೆಯ ವಿಚಾರ ಕೇಳಿಯೇಬಿಟ್ಟಳು. ಅವರು ಜೋರಾಗಿ ನಕ್ಕು ವೇದಿಕೆಯ ಕಡೆ ಬೆರಳು ಮಾಡಿದರು. ಅಲ್ಲಿ ಮೈಕಿನ ಮುಂದೆ ನಿಂತಿದ್ದವಳು ಅವರ ಮಗಳಂತೆ, ಕಾಲೇಜಿನಲ್ಲಿ ಪಾಠ ಹೇಳುವವಳು. ಓದುತ್ತಿದ್ದದ್ದು ಭಾನುಭಕ್ತನ ಪದ್ಯವಲ್ಲ, ತನ್ನದೇ ಕವಿತೆ. ತೋಟದಲ್ಲಿ ಎಲೆ ಕೀಳುವವಳ ದಿನಗೂಲಿಯ ಲೆಕ್ಕ ಅದರಲ್ಲಿ ಬರುತ್ತದೆ ಎಂದು ಅವರು ಸಾಲು ಸಾಲಾಗಿ ಹಿಂದಿಯಲ್ಲಿ ಬಿಡಿಸಿ ಹೇಳುತ್ತ ಹೋದರು. ಕವಿತೆಯಲ್ಲಿ ತೋಟದ ಗುಮಾಸ್ತನೊಬ್ಬ ಬೋನಸ್ಸನ್ನು ಮುಂದಿನ ವಾರಕ್ಕೆ ಹಾಕುತ್ತಾನೆ. ಆ ಸಾಲಿಗೆ ಸಭೆ ಚಪ್ಪಾಳೆ ಹೊಡೆಯಿತು. “ಆ ಗುಮಾಸ್ತನ ಮೇಲೂ ಯಾರೋ ಒಬ್ಬ ಇದ್ದೇ ಇರುತ್ತಾನೆ” ಎಂದು ನನ್ನ ಹೆಂಡತಿ ಕನ್ನಡದಲ್ಲಿ ಗೊಣಗಿದಳು. ಅಧ್ಯಾಪಕರು ಏನೆಂದು ಕೇಳಿದರು. ಹಿಂದಿಯಲ್ಲಿ ಹೇಳಿದೆ. ಅವರು ಒಪ್ಪಲಿಲ್ಲ. ಇಬ್ಬರೂ ವಾದಕ್ಕೆ ಇಳಿದರು. ನಾನು ಕೊಡೆ ಬಿಚ್ಚಿ, ಮೂವರಿಗೂ ಚಹಾ ತರಲು ಎದ್ದೆ.